ಸೋಮವಾರದ ಹೂವಿನ ಪಾಠ

ಚಾರ್ಲ್ಸ್ ಡಾರ್ವಿನ್ನನ ಹೆಸರನ್ನು ಕೇಳದ ವಿದ್ಯಾರ್ಥಿ ಇಂದು ಸಿಕ್ಕಲಾರನು. ಆ ಡಾರ್ವಿನ್ನನಿಗೆ ಗುರುವಾಗಿದ್ದ ಜಾನ್ ಸ್ಟೀವನ್ಸ್ ಹೆನ್‌ಸ್ಲೋ ಎಂಬಾತನಾದರೋ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ವಾಕ್ಯದ ಆಯುಷ್ಯವನ್ನು ಮಾತ್ರ ಪಡೆದವನು. ಬೀಗಲ್ ಹಡಗಿನ ಪ್ರಯಾಣಕ್ಕೆ ಶಿಷ್ಯನ ಹೆಸರನ್ನು ಸೂಚಿಸಿದವನು ಇವನೆಂದು ಹೇಳಿ, ಗ್ರಂಥಕರ್ತರು ಹಡಗನ್ನೇರಿ ಹೊರಟುಬಿಡುತ್ತಾರೆ. ಗುರುವು ಬಂದರಿನಲ್ಲಿಯೇ ಉಳಿಯುತ್ತಾನೆ. ಹಾಗೆ ಉಳಿದವನು ಮುಂದೇನು ಮಾಡಿದನೆಂದು ಕೇಳುವವರು ವಿರಳ. ನನಗಾದರೋ ಆ ಉಳಿದ ಕಥೆಯೇ ಹೆಚ್ಚು ಪ್ರಿಯವಾದುದು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನೊಬ್ಬನು ಸಫೋಕ್ ಪ್ರಾಂತದ ಒಂದು ಹಳ್ಳಿಗೆ ಹೋಗಿ ನೆಲಸಿ, ಕೂಲಿಕಾರರ ಮಕ್ಕಳ ಕೈಗೆ ಹೂವನ್ನೂ ಚಿಕ್ಕ ಚಾಕುವನ್ನೂ ಕೊಟ್ಟು ವಿಜ್ಞಾನವನ್ನು ಕಲಿಸಿದ ಕಥೆ ಅದು. ನಾನು ಹಲವು ವರ್ಷ ಶಾಲೆಯಲ್ಲಿ ಸಸ್ಯಶಾಸ್ತ್ರವನ್ನು ಹೇಳಿಕೊಟ್ಟವನಾದುದರಿಂದ ಈ ಪಕ್ಷಪಾತ ಬಂದಿರಬಹುದು; ಓದುಗರು ಅದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಹೆನ್‌ಸ್ಲೋ ಹುಟ್ಟಿದುದು 1796ನೆಯ ಇಸವಿ ಫೆಬ್ರವರಿ 6ರಂದು, ಕೆಂಟ್ ಪ್ರಾಂತದ ರಾಚೆಸ್ಟರಿನಲ್ಲಿ. ತಂದೆ ವಕೀಲಿ ವೃತ್ತಿಯವನು. ಮಗುವಾಗಿದ್ದಾಗ ಇವನು ಹೊಲದಲ್ಲಿ ಕಂಡ ಒಂದು ಭಾರಿ ಅಣಬೆಯನ್ನು ಏದುತ್ತ ಏದುತ್ತ ಮನೆಗೆ ಎಳೆದು ತಂದನಂತೆ. ಹೆಚ್ಚು ಕಡಮೆ ಅವನಷ್ಟೇ ಗಾತ್ರದ್ದು. ಮನೆಯವರು ಅದನ್ನು ಬಿಸಾಡದೆ, ಒಣಗಿಸಿ ಹಜಾರದಲ್ಲಿ ತೂಗುಹಾಕಿದರಂತೆ. ಆ ತಾಯಿತಂದೆಗಳಿಗೆ ವಿಜ್ಞಾನದ ಚರಿತ್ರೆಯು ಒಂದು ನಮಸ್ಕಾರವನ್ನು ಸಲ್ಲಿಸಬೇಕೆಂದು ನನಗೆ ಅನ್ನಿಸುವುದುಂಟು. ಸ್ವಲ್ಪ ದೊಡ್ಡವನಾದ ಮೇಲೆ ಆಫ್ರಿಕದ ಪ್ರವಾಸಗ್ರಂಥವೊಂದನ್ನು ಓದಿ, ಆ ಖಂಡದ ಒಳನಾಡನ್ನು ಶೋಧಿಸಲು ಹೋಗಬೇಕೆಂಬ ಹಂಬಲ ಅವನನ್ನು ಹಿಡಿಯಿತು. ಆ ಹಂಬಲ ಕೊನೆಯವರೆಗೂ ಕೈಗೂಡಲಿಲ್ಲ.

1814ರಲ್ಲಿ ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿ 1818ರಲ್ಲಿ ಪದವಿಯನ್ನು ಪಡೆದನು. ಮರುವರ್ಷ ಭೂವಿಜ್ಞಾನಿ ಆಡಮ್ ಸೆಜ್‌ವಿಕ್ಕನೊಡನೆ ವೈಟ್ ದ್ವೀಪದಲ್ಲಿ ಬಂಡೆಗಳನ್ನು ನೋಡುತ್ತ ಅಲೆದಾಡಿದನು. ಅದೇ 1819ರಲ್ಲಿ ಇಬ್ಬರೂ ಮುಂದಾಗಿ ಕೇಂಬ್ರಿಜ್ ಫಿಲಸಾಫಿಕಲ್ ಸೊಸೈಟಿಗೆ ತಳಹದಿ ಹಾಕಿದರು. 1822ರಲ್ಲಿ ಇವನು ಖನಿಜಶಾಸ್ತ್ರದ ಪ್ರಾಧ್ಯಾಪಕನಾದನು. 1823ರಲ್ಲಿ ಹ್ಯಾರಿಯೆಟ್ ಜೆನಿನ್ಸಳನ್ನು ಮದುವೆಯಾದನು. 1825ರಲ್ಲಿ ಸಸ್ಯಶಾಸ್ತ್ರದ ಪೀಠ ಅವನದಾಯಿತು. ಆ ಪೀಠದಲ್ಲಿ ಹಿಂದೆ ಇದ್ದವನು ಮೂವತ್ತು ವರ್ಷಗಳಷ್ಟು ಕಾಲ ಉಪನ್ಯಾಸವನ್ನೇ ಕೊಟ್ಟಿರಲಿಲ್ಲ. ಆದುದರಿಂದ ಹೆನ್‌ಸ್ಲೋ ಕೆಡಿಸಲು ಅಲ್ಲಿ ಯಾವ ಸಂಪ್ರದಾಯವೂ ಉಳಿದಿರಲಿಲ್ಲ. ಅವನು ವೇದಿಕೆಯ ಮೇಲೆ ನಿಂತು ಓದಿ ಹೇಳುವುದಕ್ಕೆ ಬದಲಾಗಿ ಪ್ರತಿಯೊಬ್ಬ ವಿದ್ಯಾರ್ಥಿಯ ಮುಂದೆ ಮರದ ಹಲಗೆಯನ್ನೂ ಹಸಿಯ ಗಿಡವನ್ನೂ ಇರಿಸಿ, ಬಿಡಿಸಿ ನೋಡಿರೆಂದನು. ವಸಂತಕಾಲದಲ್ಲಿ ಅವರನ್ನು ಕಾಲ್ನಡಿಗೆಯಲ್ಲಿಯೂ ಗಾಡಿಯಲ್ಲಿಯೂ ದೋಣಿಯಲ್ಲಿಯೂ ಕರೆದುಕೊಂಡು ಹೋಗುತ್ತಿದ್ದನು. ಶುಕ್ರವಾರ ಸಂಜೆ ಅವನ ಮನೆಯ ಬಾಗಿಲು ವಿಜ್ಞಾನದಲ್ಲಿ ಆಸೆಯುಳ್ಳವರೆಲ್ಲರಿಗೂ ತೆರೆದಿರುತ್ತಿತ್ತು.

ಅಲ್ಲಿಗೆ ಬಂದವರಲ್ಲಿ ಡಾರ್ವಿನ್ ಒಬ್ಬನು. ಪಾದ್ರಿಯಾಗಲೆಂದು ತಂದೆ ಕಳುಹಿಸಿದ್ದ ಆ ಹುಡುಗನು ಓದಿಗಿಂತ ಜೀರುಂಡೆಗಳನ್ನು ಹಿಡಿಯುವುದರಲ್ಲಿಯೇ ಹೆಚ್ಚು ನಿರತನಾಗಿದ್ದನು. ಗುರುವಿನ ಜೊತೆಯಲ್ಲಿ ಅವನು ಎಷ್ಟು ತಿರುಗಾಡುತ್ತಿದ್ದನೆಂದರೆ, ಹೆನ್‌ಸ್ಲೋ ಜೊತೆ ನಡೆಯುವವನು ಎಂಬುದೇ ಹಿರಿಯರ ನಡುವೆ ಅವನ ಗುರುತಾಯಿತು. ಗುರುವು ಒಂದೇ ಸಸ್ಯಜಾತಿಯ ಹಲವು ಮಾದರಿಗಳನ್ನು ಬೇರೆ ಬೇರೆ ಕಡೆಗಳಿಂದ ತಂದು ಒಂದೇ ಹಾಳೆಯ ಮೇಲೆ ಜೋಡಿಸಿ, ಅವುಗಳೊಳಗಿನ ಭೇದವನ್ನು ಕಣ್ಣಿಗೆ ಕಾಣುವಂತೆ ಮಾಡುತ್ತಿದ್ದನು. ಜಾತಿಗಳ ಮೇರೆಯನ್ನು ಗೊತ್ತುಮಾಡುವುದು ಅವನ ಉದ್ದೇಶ. ಜಾತಿಗಳು ಬದಲಾಗುತ್ತವೆಂದು ತೋರಿಸುವುದಲ್ಲ. ಶಿಷ್ಯನು ಆ ಹಾಳೆಗಳಿಂದ ಕಲಿತುದು ಬೇರೊಂದು ಪಾಠ. ಈ ಶತಮಾನದ ಸಂಶೋಧಕರು ಕೇಂಬ್ರಿಜ್ಜಿನಲ್ಲಿ ಉಳಿದಿರುವ ಆ ಹಾಳೆಗಳನ್ನು ಮತ್ತೆ ಪರೀಕ್ಷಿಸಿ, ಡಾರ್ವಿನ್ನನ ವಿಚಾರಕ್ಕೆ ಬಿತ್ತನೆಯಾದ ಭೂಮಿ ಇದೆಂದು ಎತ್ತಿ ತೋರಿಸಿದ್ದಾರೆ.

1831ರಲ್ಲಿ ಬೀಗಲ್ ಹಡಗಿಗೆ ಪ್ರಕೃತಿವಿಜ್ಞಾನಿಯೊಬ್ಬನು ಬೇಕೆಂದು ಕೇಳಿಕೆ ಬಂದಾಗ ಹೆನ್‌ಸ್ಲೋ ತಾನೇ ಹೋಗುವ ಯೋಚನೆ ಮಾಡಿದನು. ಬಾಲ್ಯದ ಆಫ್ರಿಕ ಮತ್ತೆ ಕಣ್ಣ ಮುಂದೆ ಸುಳಿದಿರಬೇಕು. ಆದರೆ ಹೆಂಡತಿಯ ಮುಖ ಬಾಡಿದುದನ್ನು ಕಂಡು ಆ ಮಾತನ್ನು ಅಲ್ಲಿಗೇ ಬಿಟ್ಟನು. ಭಾವಮೈದುನ ಲೆನರ್ಡ್ ಜೆನಿನ್ಸನೂ ಒಲ್ಲೆನೆಂದನು. ಆಗಸ್ಟ್ 24ರಂದು ಹೆನ್‌ಸ್ಲೋ ಡಾರ್ವಿನ್ನನಿಗೆ ಕಾಗದ ಬರೆದನು. ಮುಂದಿನದು ಲೋಕವೇ ಬಲ್ಲ ಕಥೆ. ಐದು ವರ್ಷ ಕಾಲ ದಕ್ಷಿಣ ಅಮೆರಿಕದಿಂದಲೂ ದ್ವೀಪಗಳಿಂದಲೂ ಬಂದ ಪೆಟ್ಟಿಗೆಗಳನ್ನು ಬಿಚ್ಚಿ, ಒಣಗಿಸಿ, ವಿಂಗಡಿಸಿ, ಜೋಪಾನ ಮಾಡಿದವನು ಈ ಗುರುವೇ. ಶಿಷ್ಯನ ಕಾಗದಗಳಿಂದ ಆಯ್ದ ಭಾಗಗಳನ್ನು 1835ರಲ್ಲಿ ಅಚ್ಚುಹಾಕಿಸಿ ಹಂಚಿದವನೂ ಇವನೇ. ಡಾರ್ವಿನ್ ಹಿಂದಿರುಗುವ ವೇಳೆಗೆ ವಿದ್ವಾಂಸರ ವಲಯದಲ್ಲಿ ಅವನ ಹೆಸರು ಆಗಲೇ ಪರಿಚಿತವಾಗಿತ್ತು.

ಹೆನ್‌ಸ್ಲೋನ ಸ್ವಭಾವದ ಇನ್ನೊಂದು ಮುಖವನ್ನು ಇಲ್ಲಿ ಹೇಳದಿದ್ದರೆ ಹಳ್ಳಿಯ ಕಥೆ ಅರ್ಥವಾಗದು. ಅವನು ಮೃದುವಾದ ಮನುಷ್ಯ. ಆದರೆ ಅನ್ಯಾಯವನ್ನು ಕಂಡಾಗ ಆ ಮೃದುತ್ವದೊಳಗೆ ಕಲ್ಲು ಇತ್ತೆಂಬುದು ಗೊತ್ತಾಗುತ್ತಿತ್ತು. 1835ರ ಚುನಾವಣೆಯಲ್ಲಿ ಕೇಂಬ್ರಿಜ್ ಪಟ್ಟಣದಲ್ಲಿ ಲಂಚ ಹರಿಯಿತು. ಎಲ್ಲರಿಗೂ ತಿಳಿದ ವಿಷಯ, ಯಾರೂ ಬಾಯಿಬಿಡಲೊಲ್ಲರು. ಪ್ರಾಧ್ಯಾಪಕನೂ ಪಾದ್ರಿಯೂ ಆದ ಇವನು ಫಿರ್ಯಾದಿಯಾಗಿ ತನ್ನ ಹೆಸರನ್ನು ಕೊಟ್ಟನು. ಇವನನ್ನು ಚಾಡಿಕೋರನೆಂದು ಜರೆಯುವ ದೊಡ್ಡ ಅಕ್ಷರಗಳು ಊರಿನ ಗೋಡೆಗಳ ಮೇಲೆ ಮೂಡಿದವು. ಕಾರ್ಪಸ್ ಕ್ರಿಸ್ಟಿ ಕಾಲೇಜಿನ ಗೋಡೆಯ ಮೇಲೆ ಬರೆದುದು ಮಾಸಿದ್ದರೂ ಬಹುಕಾಲ ಅಳಿಯದೆ ಉಳಿಯಿತು. ಸತ್ಯವಂತನಿಗೆ ಊರು ಕೊಟ್ಟ ಶಾಸನ!

1837ರಲ್ಲಿ ಹಿಚಮ್ ಎಂಬ ಹಳ್ಳಿಯ ಪಾದ್ರಿಯ ಸ್ಥಾನ ಅವನಿಗೆ ದೊರೆಯಿತು. 1839ರಲ್ಲಿ ಸಂಸಾರಸಮೇತನಾಗಿ ಅಲ್ಲಿಗೆ ಹೋಗಿ ನೆಲಸಿದನು. ವರ್ಷಕ್ಕೆ ಸಾವಿರ ಪೌಂಡಿಗೂ ಮೇಲ್ಪಟ್ಟ ವರಮಾನದ ಸ್ಥಾನವದು. ಪ್ರಾಧ್ಯಾಪಕ ಪದವಿಯನ್ನು ಬಿಡಲಿಲ್ಲ. ವರ್ಷಕ್ಕೊಮ್ಮೆ ಕೇಂಬ್ರಿಜ್ಜಿಗೆ ಹೋಗಿ ಉಪನ್ಯಾಸಮಾಲೆಯನ್ನು ಮುಗಿಸಿ ಬರುತ್ತಿದ್ದನು. ವಿದ್ವತ್ತಿನ ನಡುಮನೆಯಿಂದ ಅವನು ಹೊರಬಿದ್ದುದಕ್ಕಾಗಿ ಮಿತ್ರರು ಮರುಗಿದರು. ಅವರು ಮರುಗಿದುದು ವ್ಯರ್ಥವೆಂದು ಹೇಳಲಾರೆ. ಸಂಶೋಧಕನಾಗಿ ಅವನಿಂದ ಆಗಬಹುದಾಗಿದ್ದ ಕೆಲಸ ಎಷ್ಟೋ ಆಗದೆ ಹೋಯಿತು.

ಹಳ್ಳಿಯಲ್ಲಿ ಸುಮಾರು ಒಂದು ಸಾವಿರ ಜನ. ಭೂಮಿ ಒಕ್ಕಲುದೊರೆಗಳ ಕೈಯಲ್ಲಿ. ಉಳಿದವರೆಲ್ಲ ಅವರ ಹೊಲಗಳಲ್ಲಿ ಕೂಲಿ ಮಾಡುವವರು. ಕೂಲಿ ಹೊಟ್ಟೆಗೆ ಸಾಲದು, ಕೆಲಸವಿಲ್ಲದ ತಿಂಗಳುಗಳಲ್ಲಿ ಅದೂ ಇಲ್ಲ. ಅಕ್ಷರ ಬಲ್ಲವರು ಕಡಮೆ, ಕುಡಿತ ಕಳವುಗಳು ಹೆಚ್ಚು, ದೇವಾಲಯಕ್ಕೆ ಬರುವವರು ಬೆರಳೆಣಿಕೆ. 1843–44ರ ಸುಮಾರಿನಲ್ಲಿ ಸಫೋಕಿನ ಹೊಟ್ಟೆಗಿಲ್ಲದ ಕೂಲಿಕಾರರು ರಾತ್ರಿವೇಳೆ ಒಕ್ಕಲುದೊರೆಗಳ ಬಣವೆಗಳಿಗೆ ಬೆಂಕಿಯಿಡತೊಡಗಿದರು. ಹೆನ್‌ಸ್ಲೋ ಈ ಕೃತ್ಯವನ್ನು ಖಂಡಿಸಿದನು, ಆದರೆ ಖಂಡಿಸಿ ಸುಮ್ಮನಾಗಲಿಲ್ಲ; ಪ್ರಾಂತದ ದುಡಿಯುವ ಜನರ ಸ್ಥಿತಿಯನ್ನು ವಿಚಾರಿಸಬೇಕೆಂದು 1844ರಲ್ಲಿ ಒಂದು ಕಿರುಪುಸ್ತಕವನ್ನೇ ಪ್ರಕಟಿಸಿದನು.

ಈ ಜನರ ಬಳಿಗೆ ಅವನು ಮೊದಲು ಧರ್ಮಬೋಧೆಯನ್ನು ಹಿಡಿದುಕೊಂಡು ಹೋಗಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ತನ್ನ ಮನೆಯ ಮುಂದಿನ ಹುಲ್ಲುಹಾಸಿನ ಮೇಲೆ ಬಾಣಬಿರುಸುಗಳನ್ನು ಹಾರಿಸಿ ಜನರನ್ನು ಕರೆದನು. ಕ್ರಿಕೆಟ್ ಆಟಕ್ಕೆ ಏರ್ಪಾಡು ಮಾಡಿದನು. ಒಕ್ಕಲುದೊರೆಗಳಿಗೆ ಗೊಬ್ಬರದ ರಸಾಯನವನ್ನು ಕುರಿತು ಉಪನ್ಯಾಸ ಕೊಟ್ಟು, ಆ ಉಪನ್ಯಾಸಗಳನ್ನು 1843ರಲ್ಲಿ ಪತ್ರಗಳ ರೂಪದಲ್ಲಿ ಅಚ್ಚುಹಾಕಿಸಿದನು. ಅಷ್ಟರಲ್ಲಿಯೇ ನಿಲ್ಲದೆ, ಅವರವರ ಹೊಲದಲ್ಲಿ ಅವರವರೇ ಒಂದು ಪ್ರಯೋಗ ಮಾಡಿ ನೋಡಲೆಂದು ಖಾಲಿ ಕಲಮುಗಳುಳ್ಳ ನಮೂನೆಯ ಕಾಗದಗಳನ್ನು ಹಂಚಿದನು. ತಿಪ್ಪೆಗೊಬ್ಬರಕ್ಕೆ ಜಿಪ್ಸಮ್ಮನ್ನು ಬೆರಸಿದರೆ ಅದರ ಅಮೋನಿಯ ಹಾರಿಹೋಗದೆ ನಿಲ್ಲುವುದೋ ಎಂಬುದು ಪ್ರಶ್ನೆ. ಅಳತೆಯನ್ನೂ ತೂಕವನ್ನೂ ಒಕ್ಕಲಿಗನೇ ಬರೆದು ತುಂಬಬೇಕು. ಖಾಲಿ ಕಲಮುಗಳ ಈ ಕಾಗದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಬೇರೊಂದು ವೇಷದಲ್ಲಿ ಬರಲಿದೆ.

ಅದೇ 1843ರಲ್ಲಿ ಫೆಲಿಕ್ಸ್‌ಸ್ಟೋ ಕಡಲತೀರಕ್ಕೆ ಹೋಗಿದ್ದಾಗ, ಅಲ್ಲಿಯ ನೆಲದಲ್ಲಿ ಹುದುಗಿದ್ದ ಕಂದುಬಣ್ಣದ ಗಟ್ಟಿ ಉಂಡೆಗಳಲ್ಲಿ ಫಾಸ್ಫೇಟ್ ಸಮೃದ್ಧವಾಗಿದೆಯೆಂದು ಅವನು ಗುರುತಿಸಿದನು. ಪುರಾತನ ಪ್ರಾಣಿಗಳ ಮಲ ಕಲ್ಲಾದುದೆಂದು ಆಗಿನ ಊಹೆ. ಸ್ವಲ್ಪ ಕಾಲದಲ್ಲಿಯೇ ಸಫೋಕಿನಲ್ಲಿಯೂ ಕೇಂಬ್ರಿಜ್ ಪ್ರಾಂತದಲ್ಲಿಯೂ ಈ ಉಂಡೆಗಳನ್ನು ಅಗೆದು, ಆಮ್ಲದಲ್ಲಿ ಸಂಸ್ಕರಿಸಿ, ಗೊಬ್ಬರ ಮಾಡಿ ಮಾರುವ ದೊಡ್ಡ ಉದ್ಯಮವೇ ಎದ್ದಿತು. ಭೂಮಿಯ ಒಡೆಯರಿಗೂ ಗೊಬ್ಬರದ ಕಾರಖಾನೆಗಳಿಗೂ ಹಣದ ಹೊಳೆ ಹರಿಯಿತು. ಕಂಡುಹಿಡಿದವನು ಅದರಿಂದ ಒಂದು ಕಾಸನ್ನೂ ಮುಟ್ಟಲಿಲ್ಲ.

ಇಷ್ಟು ಉಪಕಾರ ಪಡೆದ ಒಕ್ಕಲುದೊರೆಗಳೇ ಅವನಿಗೆ ಎದುರುಬಿದ್ದರು. ಕೂಲಿಕಾರರ ಸಂಸಾರಗಳಿಗೆ ಕಾಲು ಎಕರೆಯಂತೆ ತುಂಡುಭೂಮಿಯನ್ನು ಗೇಣಿಗೆ ಕೊಟ್ಟು, ಬಿಡುವಿನ ವೇಳೆಯಲ್ಲಿ ತಾವೇ ಬೆಳೆದುಕೊಳ್ಳಲೆಂದು ಅವನು ಏರ್ಪಡಿಸಿದುದೇ ಕಾರಣ. ಸ್ವಂತ ಆಲೂಗೆಡ್ಡೆಯುಳ್ಳ ಕೂಲಿಯಾಳು ಮೊದಲಿನಷ್ಟು ತಲೆಬಾಗಲಾರನೆಂಬುದು ಅವರ ಭಯ. ಅಂಥ ಭೂಮಿಯನ್ನು ಹಿಡಿದವನಿಗೆ ತಮ್ಮಲ್ಲಿ ಕೆಲಸ ಕೊಡುವುದಿಲ್ಲವೆಂದು ಅವರು ಒಗ್ಗಟ್ಟಾಗಿ ನಿಂತರು. ಹೆನ್‌ಸ್ಲೋ ಹಿಂಜರಿಯಲಿಲ್ಲ. ಗೋಡೆಯ ಮೇಲಿನ ಬರಹವನ್ನು ನೋಡಿದ್ದ ಕಣ್ಣಿಗೆ ಇದೇನು ಹೊಸದಲ್ಲ. ತುಂಡುಭೂಮಿಗಳು ವರ್ಷವರ್ಷಕ್ಕೂ ಹೆಚ್ಚುತ್ತಲೇ ಹೋದುವು.

ಶಾಲೆಯ ಹಿನ್ನೆಲೆ ಇದು. 1841ರಲ್ಲಿ ಹೆನ್‌ಸ್ಲೋ ಹಳ್ಳಿಯಲ್ಲಿ ಶಾಲೆಯನ್ನು ತೆರೆದಾಗ ಊರಿನ ಉಳ್ಳವರಿಂದ ನೆರವು ಹೆಚ್ಚಾಗಿ ಬರಲಿಲ್ಲ. ಖರ್ಚಿನ ಬಹುಭಾಗ ಅವನ ಕೈಯಿಂದಲೇ ಹೋಯಿತು. ಕೂಲಿಯವನ ಮಗನಿಗೆ ಓದೇಕೆ ಎಂಬ ಪ್ರಶ್ನೆ ಆ ಕಾಲದಲ್ಲಿ ಸಭ್ಯರು ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಯಾಗಿತ್ತು. ಓದು, ಬರಹ, ಲೆಕ್ಕ, ಧರ್ಮಪಾಠ ಇವಿಷ್ಟು ಮೊದಲ ಹತ್ತು ವರ್ಷ ನಡೆದುವು. 1852ರ ಸುಮಾರಿಗೆ ಅವನು ಒಂದು ಹೊಸ ತರಗತಿಯನ್ನು ತಾನೇ ಪ್ರಾರಂಭಿಸಿದನು. ವಾರಕ್ಕೊಂದು ದಿನ, ಸೋಮವಾರ ಮಧ್ಯಾಹ್ನ, ಸಸ್ಯಶಾಸ್ತ್ರ. ಬಲವಂತವಿಲ್ಲ, ಇಷ್ಟವುಳ್ಳವರು ಬರಬಹುದು. ಗಂಡುಹುಡುಗರು ಬೇಗನೆ ಹೊಲದ ಕೂಲಿಗೆ ಹೋಗಿಬಿಡುತ್ತಿದ್ದುದರಿಂದ ಬಂದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಈ ತರಗತಿಗೆ ಪ್ರವೇಶಶುಲ್ಕವೊಂದಿತ್ತು, ಅದು ಹಣದ್ದಲ್ಲ. ದ್ವಿದಳ ಸಸ್ಯ, ಏಕದಳ ಸಸ್ಯ ಮೊದಲಾದ ವಿಭಾಗಗಳ ಲ್ಯಾಟಿನ್ ಗ್ರೀಕ್ ಮೂಲದ ಉದ್ದುದ್ದ ಹೆಸರುಗಳನ್ನು ಕಾಗುಣಿತ ತಪ್ಪದೆ ಬರೆದು ತೋರಿಸಬೇಕು. ತೋರಿಸಿದವರು ಮೂರನೆಯ ವರ್ಗಕ್ಕೆ ಸೇರಿದರು. ಇನ್ನಷ್ಟು ಪದಗಳನ್ನೂ ಅವುಗಳ ಬಳಕೆಯನ್ನೂ ಕಲಿತವರು ಎರಡನೆಯದಕ್ಕೆ, ಅನಂತರ ಮೊದಲನೆಯದಕ್ಕೆ ಏರಿದರು. ಇಲ್ಲಿ ನನಗೂ ಒಂದು ಅನುಮಾನವುಂಟು. ಎಂಟು ವರ್ಷದ ಮಗುವಿನ ನಾಲಗೆಗೆ ಗ್ರೀಕ್ ಪದಗಳನ್ನು ಕಟ್ಟುವುದು ಎಷ್ಟರಮಟ್ಟಿಗೆ ಸರಿ? ಇಂದಿನ ಶಿಕ್ಷಣಶಾಸ್ತ್ರಜ್ಞರು ಒಪ್ಪಲಾರರು. ಆದರೆ ಹೆನ್‌ಸ್ಲೋನ ಪಕ್ಷದಲ್ಲಿ ಹೇಳಬೇಕಾದ ಮಾತೊಂದಿದೆ. ಹಳ್ಳಿಯ ತೋಟಗಾರನ ಬಾಯಲ್ಲಿ ಜೆರೇನಿಯಮ್, ಕ್ರಿಸ್ಯಾಂಥಿಮಮ್ ಎಂಬ ಹೆಸರುಗಳು ಆಗಲೇ ಸಲೀಸಾಗಿ ಓಡಾಡುತ್ತಿದ್ದುವು. ಪದದ ಉದ್ದಕ್ಕೆ ಹೆದರುವವರು ದೊಡ್ಡವರೇ ಹೊರತು ಮಕ್ಕಳಲ್ಲ. ಅದಕ್ಕಿಂತ ಮುಖ್ಯವಾದುದು, ಪಂಡಿತರ ಪದಗಳು ಬಡವರಿಗಲ್ಲವೆಂಬ ಬೇಲಿಯನ್ನು ಅವನು ಮೊದಲ ದಿನವೇ ಕಿತ್ತುಹಾಕಿದನು. ಕೇಂಬ್ರಿಜ್ಜಿನ ಯುವಕರಿಗೆ ಒಂದು ಸಸ್ಯಶಾಸ್ತ್ರ, ಕೂಲಿಯ ಹುಡುಗಿಗೆ ಇನ್ನೊಂದು ಎಂಬ ಭೇದವನ್ನು ಅವನು ಮಾಡಲಿಲ್ಲ.

ಪದಗಳನ್ನು ಕಲಿತ ಮೇಲೆ ನಿಜವಾದ ಕೆಲಸ. ಪ್ರತಿಯೊಂದು ಮಗುವಿಗೂ ಹಸಿಯ ಹೂವು. ಕೇಂಬ್ರಿಜ್ಜಿನಲ್ಲಿ ಮಾಡಿಸಿದಂತೆಯೇ ಅದನ್ನು ಹೊರಗಿನಿಂದ ಒಳಕ್ಕೆ ಸುತ್ತುಸುತ್ತಾಗಿ ಬಿಡಿಸಿ ಜೋಡಿಸಬೇಕು. ಅನಂತರ ಒಂದು ಕಾಗದ. ಒಕ್ಕಲುದೊರೆಗಳಿಗೆ ಹಂಚಿದ್ದ ಖಾಲಿ ಕಲಮುಗಳ ಕಾಗದದ ತಮ್ಮನೆಂದೇ ಇದನ್ನು ಕರೆಯಬಹುದು. ಎಡಗಡೆ ಹೂವಿನ ಅಂಗಗಳ ಹೆಸರು: ಪುಷ್ಪಪತ್ರ, ದಳ, ಕೇಸರ, ಶಲಾಕೆ. ಎದುರಿಗೆ ಮೂರು ಕಲಮುಗಳು. ಸಂಖ್ಯೆ ಎಷ್ಟು? ಒಂದೇ ಬಗೆಯ ಅಂಗಗಳು ಪರಸ್ಪರ ಕೂಡಿಕೊಂಡಿವೆಯೋ ಬಿಡಿಯಾಗಿವೆಯೋ? ಒಂದು ಬಗೆಯ ಅಂಗ ಬೇರೆ ಬಗೆಯ ಅಂಗಕ್ಕೆ ಅಂಟಿಕೊಂಡಿದೆಯೋ ಇಲ್ಲವೋ? ಇಷ್ಟೇ.

ಇಷ್ಟರಿಂದ ಏನಾಗುತ್ತದೆಂದು ಕೇಳುವವರು ನಮ್ಮ ಹಿತ್ತಲಿನ ದಾಸವಾಳವನ್ನು ಕಿತ್ತು ನೋಡಬೇಕು. ಪುಷ್ಪಪತ್ರ ಐದು, ಕೂಡಿ ಬಟ್ಟಲಾಗಿವೆ. ದಳ ಐದು, ಬಿಡಿ. ಕೇಸರಗಳು ಎಣಿಸಲಾರದಷ್ಟು, ಅವುಗಳ ಕಾವುಗಳೆಲ್ಲ ಕೂಡಿ ಒಂದು ಕೊಳವೆಯಾಗಿದೆ, ಆ ಕೊಳವೆಯ ಬುಡ ದಳಗಳಿಗೆ ಅಂಟಿದೆ. ಕೊಳವೆಯೊಳಗಿನಿಂದ ಶಲಾಕೆ ತಲೆಯೆತ್ತಿ ಐದು ಕವಲಾಗಿದೆ. ಈಗ ಬೆಂಡೆಯ ಹೂವನ್ನು ತಂದು ಅದೇ ಕಲಮುಗಳನ್ನು ತುಂಬಿರಿ. ಹತ್ತಿಯ ಹೂವನ್ನು ತಂದು ತುಂಬಿರಿ. ಮೂರು ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ, ಪೂಜೆಯ ಹೂವೂ ಸಾರಿನ ಕಾಯೂ ಉಡುವ ನೂಲೂ ಒಂದೇ ಮನೆತನದವೆಂದು ಮಗುವಿಗೆ ತಾನಾಗಿಯೇ ಹೊಳೆಯುತ್ತದೆ; ಮೇಷ್ಟ್ರು ಬಾಯಿ ತೆರೆಯಬೇಕಾಗಿಲ್ಲ. ನಾನು ಇದನ್ನು ಮಾಡಿಸಿ ನೋಡಿದ್ದೇನೆ. ತುಂಬೆಯ ಹೂವಿನಲ್ಲಿ ನಾಲ್ಕೇ ಕೇಸರಗಳಿವೆ, ಅವುಗಳಲ್ಲಿ ಎರಡು ಉದ್ದ ಎರಡು ಗಿಡ್ಡ ಎಂದು ಹೇಳಲು ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಪುಸ್ತಕದಲ್ಲಿದ್ದ ವಾಕ್ಯವನ್ನು ಒಪ್ಪಿಸಲು ಯಾವ ಹುಡುಗಿಯೂ ಹಾಗೆ ಊಟ ಬಿಟ್ಟು ಬಂದುದನ್ನು ಕಾಣೆ.

ಹಿಚಮ್ಮಿಗೆ ಹಿಂದಿರುಗೋಣ. ಶಾಲೆಯಲ್ಲಿ ಒಂದು ಮರದ ಅಡ್ಡೆಯಿತ್ತು. ಅದರಲ್ಲಿ ಸಾಲಾಗಿ ನೀರು ತುಂಬಿದ ಸಣ್ಣ ಸೀಸೆಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಆಯಾ ವಾರದಲ್ಲಿ ಅರಳಿದ ಕಾಡುಹೂಗಳನ್ನು ಮಕ್ಕಳು ತಂದು, ಹೆಸರನ್ನು ಗುರುತಿಸಿ, ಸರಿಯಾದ ಸೀಸೆಯಲ್ಲಿ ಇರಿಸಬೇಕು. ಯಾವ ಹೂವು ಎಂದು ಮೊದಲು ಕಾಣಿಸಿತೆಂಬುದರ ಲೆಕ್ಕವೂ ಉಂಟು. ಹೀಗೆ ಬೇಲಿ, ಹಳ್ಳ, ತೋಪುಗಳನ್ನು ಜಾಲಾಡಿದ ಮಕ್ಕಳ ನೆರವಿನಿಂದಲೇ ಆ ಊರಿನ ಸಸ್ಯಗಳ ಪಟ್ಟಿಯೊಂದು ಸಿದ್ಧವಾಗಿ ಅಚ್ಚಾಯಿತು. ಪಾಠದಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಪಾದ್ರಿಯ ಜೊತೆಯಲ್ಲಿ ದೂರದ ಕಾಡಿಗೋ ಬಯಲಿಗೋ ಗಿಡ ಹುಡುಕಲು ಹೋಗುವ ಅವಕಾಶವೇ ಬಹುಮಾನ. ಇಪ್ಪತ್ತು ವರ್ಷದ ಹಿಂದೆ ಡಾರ್ವಿನ್ನನಿಗೆ ದೊರೆತ ಬಹುಮಾನವೂ ಇದೇ ಅಲ್ಲವೆ?

ಡಾರ್ವಿನ್ನನಿಗೂ ಈ ಮಕ್ಕಳಿಗೂ ನೇರವಾದ ಸಂಬಂಧವೂ ಬೆಳೆಯಿತು. 1855ರಲ್ಲಿ ಅವನು ಒಂದು ವಿಚಿತ್ರ ಪ್ರಯೋಗದಲ್ಲಿ ತೊಡಗಿದ್ದನು. ಸಾಗರದ ನಡುವಿನ ದ್ವೀಪಗಳಿಗೆ ಗಿಡಗಳು ಹೋದುದು ಹೇಗೆ? ಬೀಜಗಳು ಉಪ್ಪುನೀರಿನಲ್ಲಿ ವಾರಗಟ್ಟಲೆ ತೇಲಿ, ದಡ ಸೇರಿ, ಮೊಳೆಯಬಲ್ಲವೆ? ಇದನ್ನು ಪರೀಕ್ಷಿಸಲು ಬಗೆಬಗೆಯ ಕಾಡುಗಿಡಗಳ ಬೀಜ ಬೇಕು. ಸರಿಯಾದ ಹೆಸರಿನೊಡನೆ ಬೇಕು. ಹೆಸರು ತಪ್ಪಿದರೆ ಪ್ರಯೋಗವೇ ತಪ್ಪು. ನಂಬಿಕೆಗೆ ಯೋಗ್ಯರಾದ ಸಂಗ್ರಾಹಕರಿಗಾಗಿ ಅವನು ಮೊರೆಹೊಕ್ಕುದು ಹಿಚಮ್ ಶಾಲೆಯ ಪುಟ್ಟ ಹುಡುಗಿಯರನ್ನು. ಹಳೆಯ ಗುರುವಿಗೆ ಕಾಗದ ಬರೆದು, ಅವರ ಕೈಯಿಂದ ಬೀಜಗಳನ್ನು ಕೂಡಿಸಿ ತರಿಸಿಕೊಂಡನು. ಆ ಮಕ್ಕಳ ಹೆಸರುಗಳು ಯಾವ ವಿಜ್ಞಾನಚರಿತ್ರೆಯಲ್ಲಿಯೂ ಬರಲಿಲ್ಲ. ಓದಲು ಬಾರದ ತಂದೆಯ ಮನೆಯಲ್ಲಿ, ತಾನು ಆಯ್ದ ಬೀಜದ ಪೊಟ್ಟಣದ ಮೇಲೆ ಲ್ಯಾಟಿನ್ ಹೆಸರನ್ನು ಬರೆಯುತ್ತ ಕುಳಿತ ಹುಡುಗಿಯನ್ನು ನಾನು ಕಲ್ಪಿಸಿಕೊಳ್ಳಬಲ್ಲೆ. ಬೀಗಲ್ ಹಡಗಿನ ಚಿತ್ರಕ್ಕಿಂತ ಆ ಚಿತ್ರ ನನಗೆ ಹತ್ತಿರದ್ದು.

ಮಕ್ಕಳ ಹಿಂದೆಯೇ ದೊಡ್ಡವರೂ ಬಂದರು. ವರ್ಷಕ್ಕೆ ಎರಡು ಸಲ, ಬೇಸಗೆಯಲ್ಲೊಮ್ಮೆ ಸುಗ್ಗಿ ಮುಗಿದ ಮೇಲೊಮ್ಮೆ, ಪಾದ್ರಿಯ ಮನೆಯಂಗಳದಲ್ಲಿ ಫಲಪುಷ್ಪ ಪ್ರದರ್ಶನ. ತುಂಡುಭೂಮಿಯವರ ಗೆಡ್ಡೆ ಗೆಣಸುಗಳಿಗೂ ಮಕ್ಕಳ ಕಾಡುಹೂಗಳಿಗೂ ಬಹುಮಾನ. ಒಂದು ಡೇರೆಯಲ್ಲಿ ಹೆನ್‌ಸ್ಲೋ ತಾನು ಕೂಡಿಹಾಕಿದ್ದ ಚಿತ್ರವಿಚಿತ್ರ ವಸ್ತುಗಳನ್ನು ಹರಡಿಕೊಂಡು, ಗುಂಪು ನೆರೆದಾಗಲೆಲ್ಲ ಒಂದೊಂದನ್ನೂ ಕೈಗೆತ್ತಿಕೊಂಡು ಕಿರುಭಾಷಣ ಮಾಡುತ್ತಿದ್ದನು. ಹುಟ್ಟಿದ ಊರಿನಿಂದ ಹತ್ತು ಮೈಲಿಯಾಚೆ ಕಾಲಿಡದಿದ್ದ ಜನರನ್ನು ರೈಲು ಹತ್ತಿಸಿ ಇಪ್ಸ್‌ವಿಚ್ಚಿನ ವಸ್ತುಸಂಗ್ರಹಾಲಯಕ್ಕೆ, 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ, 1854ರಲ್ಲಿ ತನ್ನ ಕೇಂಬ್ರಿಜ್ಜಿಗೆ ಕರೆದೊಯ್ದನು. ಹೊರಡುವ ಮೊದಲು, ಏನೇನು ನೋಡಬೇಕೆಂಬುದನ್ನು ಅಚ್ಚುಮಾಡಿಸಿದ ಹಾಳೆ ಒಬ್ಬೊಬ್ಬರ ಕೈಯಲ್ಲಿಯೂ ಇರುತ್ತಿತ್ತು. ಕೇಂಬ್ರಿಜ್ಜಿನಲ್ಲಿ ಆ ಇನ್ನೂರಕ್ಕೂ ಮೇಲ್ಪಟ್ಟ ಹಳ್ಳಿಗರು ಡೌನಿಂಗ್ ಕಾಲೇಜಿನ ಭೋಜನಶಾಲೆಯಲ್ಲಿ ಕುಳಿತು ಊಟಮಾಡಿದರು. ಆ ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ ಅಂಥ ಅತಿಥಿಗಳು ಹಿಂದೆ ಊಟಕ್ಕೆ ಕುಳಿತದ್ದು ಅಪರೂಪವೇ ಸರಿ.

ಹಳ್ಳಿಯ ಶಾಲೆಯ ಕೀರ್ತಿ ಹೊರಗೆ ಹರಡಿತು. ಶಾಲಾ ಇನ್‌ಸ್ಪೆಕ್ಟರುಗಳು ಮೆಚ್ಚಿ ಬರೆದರು. 1856ರಲ್ಲಿ ಹೆನ್‌ಸ್ಲೋ ತೋಟಗಾರಿಕೆಯ ಪತ್ರಿಕೆಯೊಂದರಲ್ಲಿ ಎಲ್ಲ ವರ್ಗದ ಪ್ರಾರಂಭಿಕರಿಗೂ ಈ ಪಾಠಕ್ರಮವನ್ನು ಲೇಖನಮಾಲೆಯಾಗಿ ವಿವರಿಸಿದನು. ರಾಣಿ ವಿಕ್ಟೋರಿಯಾಳ ಮಕ್ಕಳಿಗೂ ಸಸ್ಯಶಾಸ್ತ್ರ ಹೇಳಿಕೊಡಬೇಕೆಂದು ಆಸ್ಥಾನದಿಂದ ಕರೆ ಬಂದಾಗ, ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅವನು ಬಳಸಿದುದು ಹಿಚಮ್ಮಿನ ಹುಡುಗಿಯರಿಗೆ ಬಳಸಿದ ಕ್ರಮವನ್ನೇ. ಇದನ್ನು ಅರಮನೆಯ ಔದಾರ್ಯವೆಂದು ಹೊಗಳಿದವರುಂಟು. ಔದಾರ್ಯ ಹಿಚಮ್ಮಿನದೆಂದು ನನ್ನ ಎಣಿಕೆ.

1857ರಲ್ಲಿ ಹ್ಯಾರಿಯೆಟ್ ತೀರಿಕೊಂಡಳು. 1859ರ ನವೆಂಬರಿನಲ್ಲಿ ಡಾರ್ವಿನ್ನನ ಮಹಾಗ್ರಂಥ ಹೊರಬಿದ್ದಿತು. ಗುರುವಿಗೆ ಶಿಷ್ಯನ ಸಿದ್ಧಾಂತ ಒಪ್ಪಿಗೆಯಾಗಲಿಲ್ಲ. ಅಷ್ಟು ದೂರ ಹೋಗಲು ಅವನ ನಂಬಿಕೆ ಬಿಡಲಿಲ್ಲ. ಆದರೆ ಶಿಷ್ಯನ ಪ್ರಾಮಾಣಿಕತೆಯನ್ನು ಹಳಿಯಲು ಇತರರಿಗೆ ಅವಕಾಶ ಕೊಡಲೂ ಇಲ್ಲ. 1860ರ ಜೂನ್ 30ರಂದು ಆಕ್ಸ್‌ಫರ್ಡಿನಲ್ಲಿ ಬಿಷಪ್ ವಿಲ್ಬರ್‌ಫೋರ್ಸನಿಗೂ ಹಕ್ಸ್‌ಲಿಗೂ ನಡೆದ ಇತಿಹಾಸಪ್ರಸಿದ್ಧವಾದ ವಾಗ್ವಾದದಲ್ಲಿ ಅಧ್ಯಕ್ಷಪೀಠದಲ್ಲಿದ್ದವನು ಹೆನ್‌ಸ್ಲೋ. ಎರಡು ಪಕ್ಷಕ್ಕೂ ಮಾತಿಗೆ ಎಡೆಗೊಟ್ಟು, ಮನಸ್ಸಿನಲ್ಲಿ ಎರಡನ್ನೂ ಹೊತ್ತು ಕುಳಿತ ಆ ಮುದುಕನ ಮುಖಭಾವವನ್ನು ಯಾರಾದರೂ ಚಿತ್ರಿಸಿದ್ದರೆ ಚೆನ್ನಾಗಿತ್ತು.

ಮರುವರ್ಷದ ವಸಂತದಲ್ಲಿ ಅವನು ಹಾಸಿಗೆ ಹಿಡಿದನು. ಅಳಿಯ ಜೋಸೆಫ್ ಡಾಲ್ಟನ್ ಹೂಕರ್ ಬಳಿಯಲ್ಲಿದ್ದನು. ಹಿಮಾಲಯದ ಸಸ್ಯಗಳನ್ನು ಶೋಧಿಸಿ ಹಿಂದಿರುಗಿ, 1851ರಲ್ಲಿ ಹಿರಿಯ ಮಗಳು ಫ್ರಾನ್ಸಿಸಳನ್ನು ಮದುವೆಯಾದವನು ಈತ. ಡಾರ್ವಿನ್ ಬರಲಿಲ್ಲ; ತನ್ನ ದೇಹಸ್ಥಿತಿಯನ್ನು ಹೇಳಿಕೊಂಡನು. 1861ರ ಮೇ 16ರಂದು ಹೆನ್‌ಸ್ಲೋ ಕಾಲವಾದನು. ಹಿಚಮ್ಮಿನ ದೇವಾಲಯದ ಅಂಗಳದಲ್ಲಿಯೇ ಅವನ ಸಮಾಧಿಯಿದೆ. ಭಾವಮೈದುನ ಜೆನಿನ್ಸ್ 1862ರಲ್ಲಿ ಅವನ ಜೀವನಚರಿತ್ರೆಯನ್ನು ಪ್ರಕಟಿಸಿದಾಗ ಡಾರ್ವಿನ್ ತನ್ನ ನೆನಪುಗಳನ್ನು ಅದಕ್ಕೆ ಬರೆದುಕೊಟ್ಟನು.

ಅವನು ಬಿಟ್ಟುಹೋದ ಕಾಗದಪತ್ರಗಳಲ್ಲಿ ಹಳ್ಳಿಯ ಪಾಠಗಳ ಟಿಪ್ಪಣಿಗಳಿದ್ದುವು. ಕ್ಯೂ ಸಸ್ಯೋದ್ಯಾನದ ಡ್ಯಾನಿಯಲ್ ಆಲಿವರ್ ಅವನ್ನು ಆಧಾರವಾಗಿಟ್ಟುಕೊಂಡು 1864ರಲ್ಲಿ ಸಸ್ಯಶಾಸ್ತ್ರದ ಪ್ರಥಮಪಾಠಗಳ ಪುಸ್ತಕವೊಂದನ್ನು ಬರೆದನು. ಖಾಲಿ ಕಲಮುಗಳ ಆ ಹೂವಿನ ಪಟ್ಟಿ ಅದರಲ್ಲಿ ಅಚ್ಚಾಗಿ ಶಾಲೆಗಳನ್ನು ಮುಟ್ಟಿತು. ಐದು ವರ್ಷಗಳ ತರುವಾಯ, 1869ರಲ್ಲಿ, ಅದೇ ಆಲಿವರ್ ಅದೇ ದಾರಿಯಲ್ಲಿ ಇನ್ನೊಂದು ಪುಸ್ತಕವನ್ನು ಸಿದ್ಧಪಡಿಸಿದನು. ಅದರಲ್ಲಿ ಪ್ರಿಮ್‌ರೋಸ್ ಬಟರ್‌ಕಪ್ಪುಗಳ ಸ್ಥಾನಕ್ಕೆ ನಮ್ಮ ನಾಡಿನ ಗಿಡಗಳು ಬಂದಿದ್ದುವು. ಭಾರತದ ವಿದ್ಯಾರ್ಥಿಗಳಿಗಾಗಿಯೇ ಬರೆದ ಸಸ್ಯಶಾಸ್ತ್ರದ ಪುಸ್ತಕವದು. ಅಳಿಯ ಹೂಕರ್ 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಹೊರತಂದ ಬ್ರಿಟಿಷ್ ಇಂಡಿಯದ ಸಸ್ಯಕೋಶವು ನಮ್ಮ ಕಾಲೇಜುಗಳ ಪುಸ್ತಕಭಂಡಾರಗಳಲ್ಲಿ ಎತ್ತರದ ಬೀರುವಿನಲ್ಲಿರುತ್ತದೆ. ಅದನ್ನು ಕೆಳಗಿಳಿಸಿ ಧೂಳೊರಸಿ ಪುಟ ತಿರುವಿದವರು ನಮ್ಮಲ್ಲಿ ಹಲವರುಂಟು. ಆಲಿವರನ ಚಿಕ್ಕ ಪುಸ್ತಕವಾದರೋ ಹುಡುಗರ ಕೈಯಲ್ಲಿ ತಿರುಗಿ, ಹರಿದು, ಹಾಳೆಗಳ ನಡುವೆ ಒಣಗಿದ ಹೂಗಳೊಡನೆ ಎಲ್ಲೆಲ್ಲಿಯೋ ಚೆದುರಿಹೋಗಿರಬೇಕು.